ಗುಂಡು ಮುಂದಕ್ಕೆ ಸರಿದರೆ ತಪ್ಪು ಕ್ರಿಂಪಿನದಾ, ಮದ್ದಿನದಾ?

ಪ್ರಶ್ನೆ: ಸರ್, ನಮ್ಮದು ಜೇವರ್ಗಿ ತಾಲ್ಲೂಕು, ಒಕ್ಕಲುತನ. ತಂದೆಯವರ ಕಾಲದ ಪಾಯಿಂಟ್ 32 ರಿವಾಲ್ವರ್ ಈಗ ನನ್ನ ಲೈಸೆನ್ಸ್ ಮೇಲಿದೆ. ಕಾನ್ಪುರದ್ದು, ಮಡಚಿ ತೆರೆಯೋ ಮಾದರಿ. ಮೊನ್ನೆ ರೇಂಜ್‌ನಲ್ಲಿ ನಾಲ್ಕು ಸುತ್ತು ಹೊಡೆದ ಮೇಲೆ ಸಿಲಿಂಡರ್ ತಿರುಗಲೇ ಇಲ್ಲ. ತೆರೆದು ನೋಡಿದರೆ ಹೊಡೆಯದೆ ಉಳಿದಿದ್ದ ಒಂದು ಕಾರ್ತೂಸಿನ ಗುಂಡು ಮುಂದಕ್ಕೆ ಬಂದಿತ್ತು. ಫೋಟೋ ಕಳಿಸಿದ್ದೇನೆ. ನಮ್ಮ ಮಾವ (ಅಕ್ಕನ ಗಂಡ) ಹ್ಯೂಸ್ಟನ್‌ನಲ್ಲಿದ್ದಾರೆ, ಅಲ್ಲಿ 357 ಮ್ಯಾಗ್ನಮ್ ಕಾರ್ತೂಸುಗಳನ್ನು ಮನೆಯಲ್ಲೇ ತುಂಬುತ್ತಾರೆ. ಯೂನಿಕ್ ಅನ್ನೋ ಮದ್ದು ಬಿಟ್ಟು ಎಚ್110 ಅನ್ನೋ ಇನ್ನೊಂದು ಮದ್ದಿಗೆ ಬಂದ ಮೇಲೆ ಅವರಿಗೂ ಇದೇ ತೊಂದರೆಯಂತೆ. ಕ್ರಿಂಪ್, ಅಂದರೆ ಕೇಸಿನ (ಕಾರ್ತೂಸಿನ ಹಿತ್ತಾಳೆ ಕೊಳವೆಯ) ಬಾಯಿಯನ್ನು ಗುಂಡಿನ ಮೇಲೆ ಮಡಿಚಿದ್ದು, ಬಿಗಿ ಮಾಡಿದರೆ ಸರಿಹೋಗುತ್ತೆ ಅಂತಾರೆ. ಎರಡೂ ಒಂದೇ ಕಾರಣನಾ? ಯಾವ ಮದ್ದು, ಎಷ್ಟು ಕ್ರಿಂಪ್ ಸರಿ? ಚಳಿಗಾಲದಲ್ಲಿ ನಾನು ಅಲ್ಲಿಗೆ ಹೋಗುವವನಿದ್ದೇನೆ. ಕಲಿತು, ಸಾಮಾನು ತಂದು, ನನ್ನ ಖಾಲಿ ಕೇಸುಗಳನ್ನು ಇಲ್ಲೇ ತುಂಬಿಕೊಳ್ಳಬಹುದಾ?

ಉತ್ತರ: ಕೊನೆಯದನ್ನು ಮೊದಲು ಮುಗಿಸೋಣ, ಅದಕ್ಕೆ ಉತ್ತರ ಚಿಕ್ಕದು. ಬೇಡ. ಸಾಮಾನು ತರೋದೂ ಬೇಡ, ಇಲ್ಲಿ ತುಂಬೋದೂ ಬೇಡ.

ನಿಮ್ಮ ಕೈಲಿರೋದು ಆಯುಧ ಇಟ್ಟುಕೊಳ್ಳುವ ಲೈಸೆನ್ಸ್. ಕಾರ್ತೂಸು ತಯಾರಿಸೋಕೆ 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಮಿನಲ್ಲಿ ಬೇರೆಯೇ ಲೈಸೆನ್ಸ್ ಇದೆ, ಅದು ನಿಮಗೂ ನನಗೂ ಮನೆಯಲ್ಲಿ ಕೂತು ಮಾಡಲಿ ಅಂತ ಕೊಡುವಂಥದ್ದಲ್ಲ. 2019ರ ತಿದ್ದುಪಡಿ ಆದ ಮೇಲೆ ಅದಿಲ್ಲದೆ ತಯಾರಿಸಿದರೆ ಶಿಕ್ಷೆ 7 ವರ್ಷದಿಂದ ಶುರುವಾಗಿ ಜೀವಾವಧಿತನಕ ಹೋಗುತ್ತೆ. ಇನ್ನೊಂದು ವಿಷಯ ಬಹಳ ಜನರಿಗೆ ಗೊತ್ತೇ ಇಲ್ಲ. ಆ ಕಾಯ್ದೆಯಲ್ಲಿ ಮದ್ದುಗುಂಡು ಅಂದರೆ ಏನು ಅಂತ ಹೇಳುವ ಕಡೆ, ಮದ್ದುಗುಂಡಿನ ಬಿಡಿಭಾಗಗಳು ಮತ್ತು ಅದನ್ನು ತಯಾರಿಸುವ ಯಂತ್ರ ಎರಡೂ ಸೇರಿವೆ. ಅಂದರೆ ಮಾವ ಪ್ರೀತಿಯಿಂದ ಸೂಟ್‌ಕೇಸಿಗೆ ಹಾಕಿ ಕೊಡುವ ಪ್ರೆಸ್ಸು (ಕಾರ್ತೂಸು ಒತ್ತಿ ತಯಾರಿಸುವ ಯಂತ್ರ), ಅದಕ್ಕೆ ಸಿಕ್ಕಿಸುವ ಅಚ್ಚು ಅಂದರೆ ಡೈ, ಒಂದು ಹಿಡಿ ಖಾಲಿ ಹಿತ್ತಾಳೆ ಕೇಸು, ಎಲ್ಲವೂ ವಿಮಾನ ನಿಲ್ದಾಣದಲ್ಲಿ ಕಾರ್ತೂಸಿನ ಲೆಕ್ಕಕ್ಕೇ ಬೀಳಬಹುದು. ಆಮದಿಗೆ ಮತ್ತೆ 10ನೇ ಕಲಂ ಇದೆ. ಸುಮ್ನೆ ಯಾಕೆ?

ಈಗ ಮೊದಲ ಪ್ರಶ್ನೆ. ನೋಡೋಕೆ ಎರಡೂ ಒಂದೇ, ಗುಂಡು ಮುಂದೆ ಬಂದಿದೆ. ಆದರೆ ನಿಮ್ಮ ಮಾವನದು ಒಂದು ರೋಗ, ನಿಮ್ಮದು ಇನ್ನೊಂದು. ಅವರಿಗೆ ಹೇಳುವ ಔಷಧಿ ನಿಮಗೆ ನಾಟೋದಿಲ್ಲ.

ಗುಂಡು ಯಾಕೆ ಸರಿಯುತ್ತೆ ಅನ್ನೋದು ಮೊದಲು ಗೊತ್ತಾಗಬೇಕು. ಸೂಪರ್ ಮಾರ್ಕೆಟ್ ಹತ್ತಿರ ಟಂಟಂ ಹತ್ತಿ ನಿಂತಿದ್ದೀರಿ ಅಂದುಕೊಳ್ಳಿ. ಡ್ರೈವರ್ ಗಕ್ಕನೆ ಗೇರ್ ಹಾಕಿ ಬಿಟ್ಟರೆ ಗಾಡಿ ಮುಂದೆ ಹೋಗುತ್ತೆ, ನೀವು ಇದ್ದಲ್ಲೇ ಉಳಿದು ಹಿಂದಕ್ಕೆ ವಾಲುತ್ತೀರಿ. ರಿವಾಲ್ವರಿನಲ್ಲಿ ಇದೇ ಕೆಲಸ ಉಲ್ಟಾ ನಡೆಯುತ್ತೆ. ಒಂದು ಗುಂಡು ಹಾರಿದಾಗ ಇಡೀ ಆಯುಧ ಹಿಂದಕ್ಕೆ ಒದೆಯುತ್ತೆ. ಉಳಿದ ಕಾರ್ತೂಸುಗಳ ಹಿಂಬದಿಯಲ್ಲಿ ಅಂಚು ಇದೆಯಲ್ಲ, ಅದು ಸಿಲಿಂಡರಿನ ಬೆನ್ನಿಗೆ ಆನಿಕೊಂಡಿರುತ್ತೆ, ಸಿಲಿಂಡರ್ ಹಿಂದೆ ಬಂದಾಗ ಕೇಸನ್ನೂ ಎಳೆದುಕೊಂಡು ಬರುತ್ತೆ. ಒಳಗಿನ ಗುಂಡು ಭಾರದ್ದು, ಅದು ಇದ್ದಲ್ಲೇ ನಿಲ್ಲೋಕೆ ನೋಡುತ್ತೆ. ಹಿಡಿತ ಸಡಿಲ ಇದ್ದರೆ ಕೇಸು ಹಿಂದೆ ಬಂತು, ಗುಂಡು ಅಲ್ಲೇ ಉಳಿಯಿತು. ನಮ್ಮ ಕಣ್ಣಿಗೆ ಗುಂಡು ಮುಂದೆ ಬಂದಂಗೆ ಕಾಣುತ್ತೆ. ಆರನೆಯ ಕಾರ್ತೂಸಿನ ಸರದಿ ಬರುವಷ್ಟರಲ್ಲಿ ಅದು ಇಂಥ ಐದು ಎಳೆತ ತಿಂದಿರುತ್ತೆ. ಅದರ ಮೂತಿ ಸಿಲಿಂಡರಿನಿಂದ ಒಂದು ಚೂರು ಆಚೆ ಬಂದರೂ ಸಾಕು, ನಳಿಗೆಯ ಹಿಂಭಾಗಕ್ಕೆ ತಗುಲಿ ಎಲ್ಲವೂ ನಿಲ್ಲುತ್ತೆ.

ಅದನ್ನು ತಡೆಯೋಕೆ ಇರೋದು ಕ್ರಿಂಪ್. ಕೇಸಿನ ಬಾಯಿಯನ್ನು ಗುಂಡಿನ ಮೈಮೇಲಿರುವ ಸಣ್ಣ ತೋಡಿನೊಳಕ್ಕೆ ಸುತ್ತಲೂ ಮಡಿಚುವುದು, ಇದು ರೋಲ್ ಕ್ರಿಂಪ್. ಪಿಸ್ತೂಲಿನ ಕಾರ್ತೂಸಿಗೆ ಹೀಗೆ ಮಡಿಚೋಕೆ ಆಗಲ್ಲ. ಅಲ್ಲಿ ಕೇಸಿನ ಬಾಯಂಚೇ ಚೇಂಬರಿನ (ಕಾರ್ತೂಸು ಕೂರುವ ಗೂಡಿನ) ಮೆಟ್ಟಿಲಿಗೆ ತಾಗಿ ನಿಲ್ಲಬೇಕು, ಹಾಗಾಗಿ ಟೇಪರ್ ಕ್ರಿಂಪ್ ಅಂತ ಮೆಲ್ಲಗೆ ಒತ್ತಿ ಬಿಡುತ್ತಾರೆ. ರಿವಾಲ್ವರ್ ಕಾರ್ತೂಸು ಹಿಂದಿನ ಅಂಚಿನ ಮೇಲೆ ನಿಲ್ಲುತ್ತೆ, ಬಾಯಿ ಮಡಿಚಿದರೂ ಏನೂ ಅಡ್ಡಿ ಇಲ್ಲ.

ಇಲ್ಲಿ ನಿಮ್ಮ ಮಾವ ಮಾಡ್ತಿರೋ ತಪ್ಪು ಎಲ್ಲರೂ ಮಾಡೋದೇ. ಗುಂಡು ಜಾರಿತು, ಹಾಗಾದ್ರೆ ಡೈಯನ್ನು ಇನ್ನೊಂದು ಕಾಲು ಸುತ್ತು ಕೆಳಗೆ ತಿರುಗಿಸು. ಮತ್ತೆ ಜಾರಿತು, ಇನ್ನೊಂದು ಕಾಲು ಸುತ್ತು. ಕ್ರಿಂಪ್ ಅನ್ನೋದು ಬಾಗಿಲಿನ ಚಿಲಕ ಅಲ್ಲ. ಗುಂಡನ್ನು ನಿಜವಾಗಿ ಹಿಡಿದಿರೋದು ಕೇಸಿನ ಗೋಡೆ, ಗುಂಡಿನ ಉದ್ದಕ್ಕೂ ಸುತ್ತ ಬಿಗಿಯಾಗಿ ಅಪ್ಪಿಕೊಂಡಿರೋ ಹಿತ್ತಾಳೆ. ಆ ಹಿಡಿತ ಇಲ್ಲದಿದ್ದರೆ ಬಾಯಂಚಿನ ಮಡಿಕೆ ಒಂದೇ ಏನು ಮಾಡೀತು? ಅದಕ್ಕಿಂತ ಕೆಟ್ಟದ್ದು ಅಂದರೆ, ಅತಿಯಾಗಿ ಕ್ರಿಂಪ್ ಒತ್ತಿದಾಗ ಬಾಯಿಯ ಕೆಳಗೆ ಕೇಸು ಉಬ್ಬುತ್ತೆ. ಉಗುರು ಮೇಲಿಂದ ಕೆಳಗೆ ಜಾರಿಸಿದರೆ ಆ ಉಬ್ಬು ಕೈಗೇ ಸಿಗುತ್ತೆ, ಬೆಳಕಿಗೆ ಹಿಡಿದರೆ ಅಲ್ಲೊಂದು ಹೊಳೆಯುವ ಗೆರೆ ಕಾಣುತ್ತೆ. ಹಿತ್ತಾಳೆಗೆ ಪುಟಿದೇಳುವ ಗುಣ ಇದೆ, ಸೀಸಕ್ಕೆ ಇಲ್ಲ. ಒತ್ತಿದಾಗ ಎರಡೂ ಸಣ್ಣಗಾಗುತ್ತವೆ. ಬಿಟ್ಟಾಗ ಹಿತ್ತಾಳೆ ಸ್ವಲ್ಪ ವಾಪಸ್ ಬರುತ್ತೆ, ಸೀಸ ಬರಲ್ಲ. ಬಿಗಿ ಮಾಡ್ತೀನಿ ಅಂತ ಹೋಗಿ ಸಡಿಲ ಮಾಡಿದಂಗಾಯಿತು.

ಹಾಗಾಗಿ ಮಾವನಿಗೆ ಹೇಳಿ, ಮೊದಲು ಎಕ್ಸ್‌ಪ್ಯಾಂಡರ್ ಅಳತೆ ನೋಡಲಿ. ಕೇಸಿನ ಬಾಯಿ ಅಗಲ ಮಾಡೋ ಆ ಕಡ್ಡಿ ಗುಂಡಿಗಿಂತ ಇಂಚಿನ ಸಾವಿರ ಭಾಗದಲ್ಲಿ ಒಂದೆರಡು ಭಾಗದಷ್ಟು ಸಣ್ಣದಿರಬೇಕು. ಅದು ದಪ್ಪ ಇದ್ದರೆ ಆಮೇಲೆ ಏನು ಮಾಡಿದರೂ ವ್ಯರ್ಥ. ಪರೀಕ್ಷೆ ಸುಲಭ. ಮದ್ದು, ಪ್ರೈಮರ್ (ತಳದಲ್ಲಿ ಕಿಡಿ ಹತ್ತಿಸುವ ಬಿಲ್ಲೆ) ಏನೂ ಇಲ್ಲದ ಕೇಸಿನಲ್ಲಿ ಕ್ರಿಂಪ್ ಮಾಡದೆ ಗುಂಡು ಕೂರಿಸಿ, ಅದರ ಮೂತಿಯನ್ನು ಬೆಂಚಿನ ಅಂಚಿಗೆ ಒತ್ತಿ ಹಿಡಿಯಲಿ. ಒಳಕ್ಕೆ ಜಾರಿದರೆ ರೋಗ ಕ್ರಿಂಪಿನಲ್ಲಿಲ್ಲ, ಗೋಡೆಯಲ್ಲಿದೆ. ಎರಡನೆಯದು ಕೇಸುಗಳ ಉದ್ದ. 357ರ ಕೇಸು ಹೆಚ್ಚೆಂದರೆ 1.290 ಇಂಚು. ಡೈ ಒಂದೇ ಕಡೆ ನಿಂತಿರುತ್ತೆ, ಹಾಗಾಗಿ ಉದ್ದದ ಕೇಸಿಗೆ ಕ್ರಿಂಪ್ ಜಾಸ್ತಿ ಬೀಳುತ್ತೆ, ಗಿಡ್ಡ ಕೇಸಿಗೆ ಬೀಳೋದೇ ಇಲ್ಲ. ನೂರು ಕೇಸು ಕಲಸಿಟ್ಟುಕೊಂಡು ತುಂಬಿದರೆ ಕೆಲವು ಜಾರೋದು, ಕೆಲವು ಉಬ್ಬೋದು ಎರಡೂ ಒಂದೇ ಡಬ್ಬಿಯಲ್ಲಿ ಸಿಗುತ್ತವೆ. ಎಲ್ಲ ಒಂದೇ ಉದ್ದಕ್ಕೆ ಕತ್ತರಿಸಿಕೊಳ್ಳಲಿ. ಗುಂಡು ಕೂರಿಸೋದು, ಕ್ರಿಂಪ್ ಮಾಡೋದು ಎರಡನ್ನೂ ಬೇರೆ ಬೇರೆ ಸಲ ಮಾಡಲಿ. ಒಟ್ಟಿಗೇ ಮಾಡಿದರೆ ಬಾಯಿ ಮುಚ್ಚುತ್ತಿರುವಾಗಲೇ ಗುಂಡು ಇನ್ನೂ ಕೆಳಗಿಳಿಯುತ್ತಿರುತ್ತೆ, ಸೀಸ ಕೆರೆದು ಬರುತ್ತೆ.

ಇನ್ನು ಮದ್ದಿನ ವಿಷಯ. ಕ್ರಿಂಪನ್ನೂ ಮದ್ದನ್ನೂ ಬೇರೆ ಬೇರೆ ಇಟ್ಟು ಯೋಚಿಸಿದರೆ ಇಲ್ಲಿ ದಾರಿ ತಪ್ಪುತ್ತೆ.

ಹೊಗೆ ಕಡಿಮೆ ಇರೋ ಈ ಮದ್ದು ಸಿಡಿಯೋದಿಲ್ಲ, ಉರಿಯುತ್ತೆ. ಸುತ್ತಲಿನ ಒತ್ತಡ ಏರಿದಷ್ಟೂ ಜೋರಾಗಿ ಉರಿಯುತ್ತೆ. ಬುಲ್ಸ್‌ಐ ಅಂತ ಒಂದು ಮದ್ದು 1898ರಿಂದ ಇದೆ, ಬಹಳ ಚುರುಕು. ಒಂದು ಚಿಟಿಕೆ ಸಾಕು, ಗುಂಡು ಸ್ವಲ್ಪ ದೂರ ಸರಿಯುವಷ್ಟರಲ್ಲೇ ಅದರ ಕೆಲಸ ಬಹುಪಾಲು ಮುಗಿದಿರುತ್ತೆ. 1900ರಲ್ಲಿ ಬಂದ ಯೂನಿಕ್ ಮಧ್ಯಮ ವೇಗದ್ದು. ಎಚ್110 ತುದಿಗೆ ಬರುತ್ತೆ, ನಿಧಾನ. ಗುಂಡು ನಳಿಗೆಯಲ್ಲಿ ಓಡುತ್ತಿರುವಾಗಲೂ ಅದು ಉರಿಯುತ್ತಾ ತಳ್ಳುತ್ತಿರುತ್ತೆ, ಅದಕ್ಕೇ ವೇಗ ಜಾಸ್ತಿ ಸಿಗೋದು. ಆದರೆ ಶುರುವಿನಲ್ಲಿ ಅದಕ್ಕೆ ತಡೆ ಬೇಕು. ಗುಂಡು ಒಂದು ಕ್ಷಣ ಬಿಗಿಯಾಗಿ ನಿಂತರೆ ಒತ್ತಡ ಏರುತ್ತೆ, ಬೆಂಕಿ ಸರಿಯಾಗಿ ಹತ್ತುತ್ತೆ. ಗುಂಡು ಬೇಗ ಸರಿದುಬಿಟ್ಟರೆ ಒಳಗಿನ ಜಾಗ ದೊಡ್ಡದಾಗುತ್ತೆ, ಒತ್ತಡ ಬೀಳುತ್ತೆ, ಅರ್ಧ ಮದ್ದು ಉರಿಯದೆ ಬೂದುಬಣ್ಣದ ಕಾಳಾಗಿ ನಳಿಗೆಯಲ್ಲೂ ಸಿಲಿಂಡರಿನಲ್ಲೂ ಉಳಿಯುತ್ತೆ. ತೀರಾ ಕೆಟ್ಟರೆ ಗುಂಡು ನಳಿಗೆಯೊಳಗೇ ನಿಂತುಬಿಡುತ್ತೆ. ಟಪ್ ಅಂತ ಸಣ್ಣ ಸದ್ದು, ಒದೆತ ಇಲ್ಲ. ಗೊತ್ತಾಗದೆ ಮುಂದಿನದು ಹೊಡೆದರೆ ನಳಿಗೆ ಸೀಳುತ್ತೆ.

ಹಾಗಾದರೆ ಮಾವನಿಗೆ ಆಗಿರೋದು ಏನು? ಯೂನಿಕ್ ಕಾಲದ ಹಗುರ ಕ್ರಿಂಪ್ ಹಾಗೇ ಉಳಿಯಿತು, ಮದ್ದು ಮಾತ್ರ ಬದಲಾಯಿತು. ಹೊಸ ಮದ್ದಿನಿಂದ ಒದೆತ ಜಾಸ್ತಿ ಆಯಿತು, ಹಾಗಾಗಿ ಪಕ್ಕದ ಕಾರ್ತೂಸುಗಳ ಎಳೆತವೂ ಜಾಸ್ತಿ. ಅದೇ ಹೊತ್ತಿಗೆ ಈ ಮದ್ದಿಗೆ ಹಳೆಯದಕ್ಕಿಂತ ಗಟ್ಟಿ ಹಿಡಿತ ಬೇಕಿತ್ತು. ಎರಡೂ ಕಡೆಯಿಂದ ಏಟು. ಅವರನ್ನು ಕೇಳಿ ನೋಡಿ, ನಳಿಗೆ ಒರೆಸುವಾಗ ಉರಿಯದ ಕಾಳು ಉದುರುತ್ತಾ ಅಂತ. ಉದುರುತ್ತೆ ಅಂದರೆ ನಾನು ಹೇಳಿದ್ದೇ ಸರಿ.

ಎಚ್110 ಬಗ್ಗೆ ಇನ್ನೊಂದು ಮಾತು, ಇದು ಮುಖ್ಯ. ಬೇರೆ ಮದ್ದುಗಳಲ್ಲಿ ಕಡಿಮೆಯಿಂದ ಶುರು ಮಾಡಿ ಮೆಲ್ಲಗೆ ಏರಿಸು ಅಂತಾರೆ, ಅದು ಒಳ್ಳೇ ಬುದ್ಧಿ. ಇಲ್ಲಿ ಕಡಿಮೆ ಮಾಡೋದೇ ಅಪಾಯ. ಅದನ್ನು ಮಾರುವ ಹಾಜ್ಡನ್ ಕಂಪನಿ ತಾನು ಕೊಟ್ಟ ಅಳತೆಗಿಂತ ಶೇಕಡಾ 3ಕ್ಕಿಂತ ಕೆಳಗೆ ಇಳಿಸಬೇಡಿ ಅನ್ನುತ್ತೆ. ಕೇಸು ತುಂಬಿದಂತೆ ಇರಬೇಕು, ಮ್ಯಾಗ್ನಮ್ ಪ್ರೈಮರ್ ಇರಬೇಕು, ರೋಲ್ ಕ್ರಿಂಪ್ ಗಟ್ಟಿ ಇರಬೇಕು. ವಿಂಚೆಸ್ಟರ್ 296 ಅನ್ನೋ ಡಬ್ಬಿ ಸಿಕ್ಕರೆ ಅದೂ ಇದೇ ಮದ್ದು, ಹೆಸರಷ್ಟೇ ಬೇರೆ. ಎಷ್ಟು ಗ್ರೇನ್ (ಮದ್ದು ತೂಗುವ ಅಳತೆ) ಅಂತ ನಾನು ಬರೆಯಲ್ಲ. ಅದನ್ನು ಮದ್ದಿನ ಕಂಪನಿಯ ಪಟ್ಟಿಯಲ್ಲೇ, ಅದೇ ಗುಂಡಿನ ಮುಂದೆ ಬರೆದ ಅಂಕಿಯಲ್ಲೇ ನೋಡಬೇಕು. ಯಾರೋ ಹೇಳಿದ ಅಂಕಿ ನಂಬಿ ಮದ್ದು ಸುರಿಯುವವನ ಪಕ್ಕ ನಾನು ನಿಲ್ಲೋದಿಲ್ಲ.

ಯಾವ ಮದ್ದು ಅಂತ ನನ್ನನ್ನು ಕೇಳಿದರೆ, ಮಾವ ಏನು ಹೊಡೀತಾರೆ ಅನ್ನೋದರ ಮೇಲಿದೆ. ಟೆಕ್ಸಾಸ್‌ನಲ್ಲಿ ಕಾಡುಹಂದಿ ಹೊಡೆಯೋಕೆ ಅಂದರೆ ಎಚ್110 ಸರಿ, ಪೂರ್ತಿ ಅಳತೆ, ಗಟ್ಟಿ ಕ್ರಿಂಪ್, ತೋಡು ಇರುವ ಗುಂಡು. ರವಿವಾರ ಕಾಗದಕ್ಕೆ ತೂತು ಹಾಕೋಕೆ ಅಂದರೆ ಆ ಬೆಂಕಿ, ಆ ಸದ್ದು ಯಾತಕ್ಕೆ? ಯೂನಿಕ್ ಬಿಟ್ಟಿದ್ದೇ ತಪ್ಪು, ವಾಪಸ್ ಹೋಗಲಿ. ಸ್ವಲ್ಪ ಜೋರು ಬೇಕೇ ಬೇಕು ಅನ್ನೋದಾದರೆ 2400 ಅಂತ ಒಂದಿದೆ, ಎರಡರ ನಡುವಿನದು, ಅಷ್ಟು ಹಠಮಾರಿಯಲ್ಲ. ಬುಲ್ಸ್‌ಐ ಕಡೆ ಮಾತ್ರ ಹೊಸಬರು ಹೋಗದಿದ್ದರೆ ಚೆನ್ನ. 357ರಂಥ ಉದ್ದ ಕೇಸಿನಲ್ಲಿ ಅದರ ಒಂದು ಅಳತೆ ತಳದಲ್ಲಿ ಎಲ್ಲೋ ಇರುತ್ತೆ, ಮರೆತು ಎರಡು ಸಲ ಹಾಕಿದರೂ ಕೇಸು ತುಂಬೋದಿಲ್ಲ, ಹೊರಗಿನಿಂದ ಗೊತ್ತೇ ಆಗಲ್ಲ. ಗುಂಡು ಕೂರಿಸುವ ಮೊದಲು ಟಾರ್ಚ್ ಹಿಡಿದು ಪ್ರತಿ ಕೇಸಿನ ಒಳಗೂ ಇಣುಕಿ ನೋಡುವ ಅಭ್ಯಾಸ ಯಾವ ಮದ್ದಿಗಾದರೂ ಇರಲಿ.

ಎಲ್ಲ ಸರಿ ಮಾಡಿದ ಮೇಲೆ ನೋಡೋದು ಹೇಗೆ? ಒಂದು ಕಾರ್ತೂಸಿಗೆ ಗುರುತು ಹಾಕಿ ಕ್ಯಾಲಿಪರ್ ಅನ್ನೋ ಸೂಕ್ಷ್ಮ ಅಳತೆಯ ಉಪಕರಣದಲ್ಲಿ ಉದ್ದ ಅಳೆದು ಬರೆದಿಡಲಿ. ಅದನ್ನು ಕೊನೆಗೆ ಬರುವಂತೆ ಸಿಲಿಂಡರಿಗೆ ಹಾಕಿ, ಉಳಿದವನ್ನು ಹೊಡೆದು, ಅದನ್ನು ಹೊರತೆಗೆದು ಮತ್ತೆ ಅಳೆಯಲಿ. ಉದ್ದ ಬದಲಾಗದಿದ್ದರೆ ಅಷ್ಟೇ ಕ್ರಿಂಪ್ ಸಾಕು, ಅದಕ್ಕಿಂತ ಒಂದು ಕೂದಲೂ ಜಾಸ್ತಿ ಬೇಡ. ಎಷ್ಟು ಕ್ರಿಂಪ್ ಅಂದಿರಲ್ಲ, ಉತ್ತರ ಇದೇ. ಹಗುರ ರಿವಾಲ್ವರ್ ಇದ್ದರೆ ಅದರಲ್ಲೇ ಪರೀಕ್ಷೆ ಮಾಡಲಿ, ಹಗುರ ಆಯುಧವೇ ಜಾಸ್ತಿ ಎಳೆಯೋದು.

ಈಗ ನಿಮ್ಮದಕ್ಕೆ ಬರೋಣ.

ನಿಮ್ಮ 32, ಅಂದರೆ ಸ್ಮಿತ್ ಅಂಡ್ ವೆಸ್ಸನ್ ಲಾಂಗ್, 1896ರ ಕಾರ್ತೂಸು. ಅಮೆರಿಕದ ಮಾನದಂಡದಲ್ಲಿ ಅದರ ಗರಿಷ್ಠ ಒತ್ತಡ 15,000 ಪಿಎಸ್‌ಐ (ಚದರ ಇಂಚಿಗೆ ಪೌಂಡ್). 357ಕ್ಕೆ 35,000. ನಮ್ಮ ದೇಶದ ಶೂಟರ್ ಜಸ್ಪಾಲ್ ರಾಣಾ 1994ರ ಹಿರೋಷಿಮಾ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ ಗೆದ್ದ ಸೆಂಟರ್ ಫೈರ್ ಪಿಸ್ತೂಲ್ ಸ್ಪರ್ಧೆ ಇದೆಯಲ್ಲ, ಅದರಲ್ಲಿ ಜಗತ್ತಿನ ಬಹಳಷ್ಟು ಶೂಟರ್‌ಗಳು ಈ 32ನ್ನೇ ಇಷ್ಟಪಡೋದು ಅದು ಮೆಲ್ಲಗೆ ಒದೆಯುತ್ತೆ ಅಂತಲೇ. ನಿಮ್ಮ ಕಾನ್ಪುರದ ರಿವಾಲ್ವರ್ ಬ್ರಿಟನ್ನಿನ ವೆಬ್ಲಿ ಮಾದರಿಯದು, ತೂಕದ್ದು. ಅದರಲ್ಲಿ ಈ ಸಣ್ಣ ಕಾರ್ತೂಸು ಹೊಡೆದಾಗ ಗಟ್ಟಿಯಾಗಿ ಹಿಡಿದಿರೋ ಗುಂಡು ಕೀಳುವಷ್ಟು ಎಳೆತ ಹುಟ್ಟೋದೇ ಕಷ್ಟ. ಕಿತ್ತಿದೆ ಅಂದರೆ ಹಿಡಿತ ಮೊದಲೇ ಸತ್ತಿತ್ತು.

ಫೋಟೋ ದೊಡ್ಡದು ಮಾಡಿ ನೋಡಿದೆ. ಗುಂಡು ಆಚೆ ಬಂದಿರುವ ಕಾರ್ತೂಸಿನ ಬಾಯಂಚಿನಿಂದ ಕೆಳಕ್ಕೆ ನೂಲಿನಷ್ಟು ಸಣ್ಣ ಗೆರೆ ಇದೆ, ಗೆರೆಯ ಪಕ್ಕ ಹಸಿರು ಕಿಲುಬು. ಅದು ಗೀರಲ್ಲ, ಬಿರುಕು. ಪಕ್ಕದ ಕಾರ್ತೂಸಿನಲ್ಲೂ ಅದೇ ಶುರುವಾಗಿದೆ.

ಈ ಬಿರುಕಿಗೆ ನಮ್ಮ ದೇಶದಲ್ಲೇ ಒಂದು ಇತಿಹಾಸ ಇದೆ. ಬ್ರಿಟಿಷರ ಸೈನ್ಯ ಮಳೆಗಾಲದಲ್ಲಿ ಹಿತ್ತಾಳೆ ಕಾರ್ತೂಸುಗಳನ್ನು ಕುದುರೆ ಲಾಯದಲ್ಲಿ ಇಡುತ್ತಿತ್ತು. ಮಳೆ ಮುಗಿದು ತೆಗೆದರೆ ಕೇಸುಗಳು ಬಾಯಿಯ ಹತ್ತಿರ ಸೀಳಿರುತ್ತಿದ್ದವು. ಯಾರೂ ಮುಟ್ಟಿಲ್ಲ, ಯಾರೂ ಹೊಡೆದಿಲ್ಲ. ಮಳೆಗಾಲದ ಈ ಸೀಳಿಗೆ ಸೀಸನ್ ಕ್ರ್ಯಾಕಿಂಗ್ ಅಂತಲೇ ಹೆಸರು ಬಿತ್ತು. ಕಾರಣ ತಿಳಿದದ್ದು 1921ರಲ್ಲಿ. ಕುದುರೆ ಗಂಜಲದಿಂದ ಏಳುವ ಅಮೋನಿಯಾ, ಗಾಳಿಯ ತೇವ, ಜೊತೆಗೆ ಹಿತ್ತಾಳೆಯೊಳಗೆ ಉಳಿದ ಬಿಗುವು, ಈ ಮೂರೂ ಸೇರಿದರೆ ಹಿತ್ತಾಳೆ ತಾನಾಗೇ ಒಡೆಯುತ್ತೆ. ಆ ಬಿಗುವು ಎಲ್ಲಿ ಜಾಸ್ತಿ ಇರುತ್ತೆ ಹೇಳಿ? ಬಾಯಿ ಒತ್ತಿ ಮಡಿಚಿರುತ್ತಾರಲ್ಲ, ಅಲ್ಲೇ. ಗುಂಡು ಹಿಡಿಯಲಿ ಅಂತ ಮಾಡಿದ ಕ್ರಿಂಪೇ ಮೊದಲು ಬಿರಿಯುವ ಜಾಗ.

ಈಗ ನಿಮ್ಮ ಮನೆ ನೆನೆಸಿಕೊಳ್ಳಿ. ನಮ್ಮ ಕಡೆ ಒಕ್ಕಲುತನದ ಮನೆಯಲ್ಲಿ ದನದ ಕೊಟ್ಟಿಗೆ ಗೋಡೆಗೆ ಗೋಡೆ ಇರುತ್ತೆ. ಯೂರಿಯಾ ಚೀಲ ಒಳಗಿನ ಕೋಣೆಯಲ್ಲಿ, ಕಪಾಟೂ ಅಲ್ಲೇ. ತೇವ ತಗುಲಿದ ಯೂರಿಯಾದ ವಾಸನೆ ಮೂಗಿಗೆ ಚುರುಕ್ ಅನ್ನುತ್ತಲ್ಲ, ಆ ಅಮೋನಿಯಾ ಲಾಯದಲ್ಲಿ ಮಾಡಿದ್ದನ್ನೇ ಇಲ್ಲೂ ಮಾಡುತ್ತೆ. ಕಾರ್ತೂಸಿನ ಡಬ್ಬಿ ಅಂಥ ಕೋಣೆಯಲ್ಲಿ ಎರಡು ಮೂರು ಮಳೆಗಾಲ ಕಳೆದಿದ್ದರೆ ನನಗೆ ಆಶ್ಚರ್ಯ ಇಲ್ಲ. ಇದರ ಮೇಲೆ ನಮ್ಮ ಕಲಬುರಗಿಯ ಬಿಸಿಲು. ಮೇ ತಿಂಗಳಲ್ಲಿ ತಗಡಿನ ಕೆಳಗಿನ ಕೋಣೆ ಒಲೆಯೇ. ಶಾಖಕ್ಕೆ ಮದ್ದೂ ಮೆಲ್ಲಗೆ ಕೆಡುತ್ತೆ, ಕೆಡುವಾಗ ಹುಳಿ ಹುಳಿ ಆವಿ ಬಿಡುತ್ತೆ, ಅದು ಒಳಗಿನಿಂದ ಹಿತ್ತಾಳೆ ತಿನ್ನುತ್ತೆ. ಚರ್ಮದ ಪಟ್ಟಿಯಲ್ಲಿ ವರ್ಷಗಟ್ಟಲೆ ಸಿಕ್ಕಿಸಿ ಇಡೋದೂ ಬಿಡಿ, ಕಿಲುಬು ಹಿಡಿಯೋಕೆ ಅದೇ ಸಾಕು. ಕೊಟ್ಟಿಗೆ, ಗೊಬ್ಬರ, ತಗಡು ಮೂರರಿಂದಲೂ ದೂರ, ತಣ್ಣಗಿನ ಒಳಗೋಡೆಯ ಬೀಗದ ಕಪಾಟಿನಲ್ಲಿ, ಗಾಳಿಯಾಡದ ಡಬ್ಬಿಯಲ್ಲಿ ಇಡಿ. ಚುನಾವಣೆ ಬಂದಾಗ ಆಯುಧ ಠಾಣೆಯಲ್ಲಿ ಜಮಾ ಮಾಡ್ತೀರಲ್ಲ, ವಾಪಸ್ ತಂದ ದಿನವೇ ಕಾರ್ತೂಸುಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ಬಾಯಂಚು ನೋಡಿ.

ಆ ಡಬ್ಬಿಯಲ್ಲಿ ಉಳಿದದ್ದನ್ನು ಹೊಡೆಯಬೇಡಿ. ಸರಿದ ಗುಂಡನ್ನು ಬೆರಳಿಂದ ಒಳಕ್ಕೆ ಒತ್ತಿ ಬಳಸೋದಂತೂ ಬೇಡವೇ ಬೇಡ. ಇರಬೇಕಾದ್ದಕ್ಕಿಂತ ಒಳಗೆ ಹೋದರೆ ಮದ್ದಿನ ಜಾಗ ಕಡಿಮೆಯಾಗಿ ಒತ್ತಡ ಏರುತ್ತೆ, ಹಿಡಿತ ಮೊದಲೇ ಇಲ್ಲ. ಹಾಳಾದ ಕಾರ್ತೂಸನ್ನು ಬಾವಿಗೆ ಎಸೆಯೋರು, ಹೊಲದಲ್ಲಿ ಹೂಳೋರು ಇದ್ದಾರೆ. ಲೈಸೆನ್ಸಿನಲ್ಲಿ ಪ್ರತಿಯೊಂದಕ್ಕೂ ಲೆಕ್ಕ ಇದೆ. ಲೈಸೆನ್ಸ್ ಇರುವ ಗನ್ ಹೌಸಿನವರಿಗೆ ತೋರಿಸಿ, ಇಲ್ಲ ಠಾಣೆಯಲ್ಲಿ ಕೇಳಿ, ಬರಹದಲ್ಲಿ ಒಪ್ಪಿಸಿ. ಒಂದು ವೇಳೆ ಆ ಡಬ್ಬಿ ಗನ್ ಹೌಸಿನ ಬಿಲ್ ಇಲ್ಲದೆ ಬಂದದ್ದಾದರೆ, ಯಾರೋ ಅಗ್ಗಕ್ಕೆ ಕೊಟ್ಟದ್ದಾದರೆ, ಅದು ಮರುತುಂಬಿದ್ದು ಇರಬಹುದು. ಆಗ ಮೊದಲು ಒಬ್ಬ ವಕೀಲರನ್ನು ನೋಡಿ.

ಇನ್ನೊಂದು ಸಲ ಸಿಲಿಂಡರ್ ನಿಂತರೆ ಗಾಬರಿಯಾಗಿ ಕುದುರೆ (ಟ್ರಿಗರ್) ಎಳೆಯಬೇಡಿ. ನಳಿಗೆ ಗುರಿಯ ಕಡೆಗೇ ಇರಲಿ, ಅರ್ಧ ನಿಮಿಷ ಸುಮ್ಮನಿರಿ, ತಡವಾಗಿ ಹತ್ತುವ ಕಾರ್ತೂಸೂ ಇರುತ್ತೆ. ಆಮೇಲೆ ತೆರೆಯಿರಿ. ನಿಮ್ಮ ಮಾದರಿಯಲ್ಲಿ ಸಿಲಿಂಡರ್ ನಳಿಗೆಯ ಜೊತೆಗೇ ಮಡಚಿಕೊಳ್ಳುತ್ತೆ, ಹಾಗಾಗಿ ಗುಂಡು ಮುಂದೆ ಬಂದಿದ್ದರೂ ಸಾಮಾನ್ಯವಾಗಿ ತೆರೆಯುತ್ತೆ, ಕಾರ್ತೂಸು ಹಿಂದಕ್ಕೆ ಬರುತ್ತೆ. ಪಕ್ಕಕ್ಕೆ ತೆರೆಯುವ ರಿವಾಲ್ವರ್‌ಗಳಲ್ಲಿ ಇದು ಅಷ್ಟು ಸುಲಭ ಅಲ್ಲ.

ಎಲ್ಲ ಸಲವೂ ಗುಂಡಿನದೇ ತಪ್ಪು ಅಂತಲೂ ಅಲ್ಲ. ತೆರೆದಾಗ ಖಾಲಿ ಕೇಸುಗಳನ್ನು ಎತ್ತಿ ಹೊರಹಾಕುವ ನಕ್ಷತ್ರದಂಥ ತುಣುಕು ಇದೆ ನೋಡಿ, ಅದರ ಕೆಳಗೆ ಉರಿಯದ ಮದ್ದಿನ ಎರಡು ಕಾಳು ಸಿಕ್ಕಿದರೂ ಅದು ಪೂರ್ತಿ ಕೂರೋದಿಲ್ಲ, ಸಿಲಿಂಡರ್ ಬಿಗಿಯಾಗುತ್ತೆ. ಮಡಚುವ ರಿವಾಲ್ವರಿನಲ್ಲಿ ಸಿಲಿಂಡರಿನ ಬೆನ್ನು ಮೇಲಕ್ಕೆ ಬರೋದರಿಂದ ಕಾಳು ನೇರ ಅಲ್ಲಿಗೇ ಬೀಳುತ್ತೆ. ಹಾಗಾಗಿ ಕೇಸು ಬೀಳಿಸುವಾಗ ಒಂದು ಬದಿಗೆ ಓರೆ ಮಾಡಿ, ಹಳೇ ಹಲ್ಲುಜ್ಜೋ ಬ್ರಶ್ಶಿನಿಂದ ನಕ್ಷತ್ರದ ಕೆಳಗೆ ಒಂದು ಸಲ ಎಳೆಯಿರಿ. ಬಿಗಿ ಮುಂದೆ ಇದೆಯಾ, ಹಿಂದೆ ಇದೆಯಾ ಅಂತ ತೆರೆಯುವ ಮೊದಲು ಪಕ್ಕದಿಂದ ಬೆಳಕಿಗೆ ನೋಡಿದರೆ ಅರ್ಧ ಉತ್ತರ ಸಿಗುತ್ತೆ.

ಹ್ಯೂಸ್ಟನ್‌ಗೆ ಹೋಗಿ, ಬೆಂಚಿನ ಪಕ್ಕ ಕೂತು ನೋಡಿ, ಇಲ್ಲಿ ಬರೆದದ್ದೆಲ್ಲ ಅಲ್ಲಿ ಕಣ್ಣಾರೆ ಕಾಣುತ್ತೆ. ಆದರೆ ಮುಟ್ಟುವ ಮೊದಲು ಒಂದು ವಿಷಯ. ವಿಸಿಟರ್ ವೀಸಾದ ಮೇಲೆ ಹೋದವರು ಅಮೆರಿಕದಲ್ಲಿ ಬಂದೂಕಾಗಲಿ ಕಾರ್ತೂಸಾಗಲಿ ಹೊಂದುವ ಹಾಗಿಲ್ಲ ಅಂತ ಅಲ್ಲಿನ ಕೇಂದ್ರ ಕಾನೂನಿದೆ. ಅದಕ್ಕೆ ಕೆಲವು ವಿನಾಯಿತಿಗಳಿವೆ, ಅಲ್ಲಿನ ಯಾವುದಾದರೂ ರಾಜ್ಯದ ಬೇಟೆ ಲೈಸೆನ್ಸ್ ಇದ್ದರೆ ಅದೊಂದು. ಮಾವ ಅದನ್ನು ಮೊದಲು ವಿಚಾರಿಸಿ ಮಾಡಿಸಲಿ. ಅಲ್ಲಿಯವರೆಗೆ ಪ್ರೆಸ್ಸಿನ ಹಿಡಿಕೆ ಅವರ ಕೈಯಲ್ಲೇ ಇರಲಿ, ನೀವು ಕ್ಯಾಲಿಪರಿನ ಅಂಕಿ ಬರೆದುಕೊಳ್ಳಿ.